ಮುಖಪುಟದ ಮ್ಯಾಲ ಬಾಗಿದ ಬೆನ್ನು ಯಾಕ?



1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅಂದಾಗ ನಾಡೆಲ್ಲ ಗದ್ದಲ ಎದ್ದಿತು. ಹಾಸ್ಟೆಲ್ ಹುಡುಗರು ಹೊಡೆತ ತಿಂದರು. ಅಂದಿನಿಂದ ಪುಸ್ತಕದ ಒಳಗ ನಮ್ಮನ್ನ ಹೆಂಗ ಬರದಾರ ಅಂತ ಜಗಳ ಮಾಡಿಕೋತ ಬಂದಿದ್ದೇವೆ. ಮಾಡಬೇಕಾದದ್ದೇ. ಆದರೆ ಪುಸ್ತಕದ ಹೊರಗಿನ ರಟ್ಟು? ಅದರ ಮ್ಯಾಲ ನಮ್ಮನ್ನ ಹೆಂಗ ತೋರಸ್ತಾರ ಅಂತ ಯಾವಾಗರೆ ಕುಂತು ನೋಡಿದ್ದೇವೆಯೆ?

ಸಣ್ಣ ಮಾತು ಅನ್ನಬ್ಯಾಡ್ರಿ. ಬಬಲೇಶ್ವರದಿಂದ ವಿಜಯಪುರಕ್ಕೆ ಕಾಲೇಜಿಗೆ ಬರುವ ಹುಡುಗಿ ಬಸ್ಸಿನಲ್ಲಿ ಕಾದಂಬರಿ ಓದುತ್ತಾಳೆ. ಒಳಗಿನ ಅಕ್ಷರ ಕಾಣೋದು ಆಕಿಗೆ. ಬಾಜೂಕ ನಿಂತವರಿಗೆ ಕಾಣೋದು ರಟ್ಟು. ಅದರ ಮ್ಯಾಲ ಬಾಗಿದ ಬೆನ್ನಿನ ಒಬ್ಬ ಮುದುಕ, ಹರಕು ಕಂಬಳಿ, ಒಡೆದ ಗಡಿಗೆ, ಹಿಂದ ಮುಳುಗುವ ಸೂರ್ಯ. ಕಾದಂಬರಿ ಓದದವರೂ ಅಷ್ಟನ್ನು ಓದಿಕೊಂಡು ಟಿಕೆಟಿನ ಜಾಗದಾಗ ಇಳಿದು ಹೋಗ್ತಾರ. (ಹಾಸ್ಟೆಲ್ ಲೈಬ್ರರಿ ಪುಸ್ತಕವಾದರೆ ಈ ತ್ರಾಸಿಲ್ಲ. ಬೈಂಡಿಂಗ್ ಮಾಡುವವ ಚಿತ್ರದ ಹಾಳೆ ಹರಿದು ಒಗೆದು ಕಂದು ಬಟ್ಟೆ ಹಚ್ಚಿರ್ತಾನ. ಪುಣ್ಯಾತ್ಮ.)

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ನಾವೆಲ್ಲ ಓದಿ ಗಂಟಲು ಕಟ್ಟಿಸಿಕೊಂಡ ಕಾದಂಬರಿ. ಅದಕ್ಕೆ ಚಿತ್ರ ತಗೀ ಅಂದರೆ ಯಾವ ಕಲಾವಿದನ ಕೈಯೂ ಮೊದಲು ದುಡಿಯ ಕಡೆಗೇ ಹೋಗ್ತದ. ಹೆಸರಿನಾಗೇ ದುಡಿ ಐತಿ, ತಪ್ಪೇನು ಅಂತೀರಿ. ಆದರೆ ಚೋಮ ಜೀವಮಾನವಿಡೀ ಬಯಸಿದ್ದು ದುಡಿ ಅಲ್ಲ, ಹೊಲ. ಅವನ ಹತ್ತರ ಎರಡು ಎತ್ತು ಇದ್ದವು. ಉಳಲಿಕ್ಕೆ ತುಂಡು ಭೂಮಿ ಕೊಡಲಿಲ್ಲ, ಯಾಕಂದರೆ ಅವನ ಜಾತಿ ಬೇಸಾಯ ಮಾಡುವ ಜಾತಿ ಅಲ್ಲವಂತೆ. ಎತ್ತು ಇದ್ದೂ ಉಳದ ಮನುಷ್ಯ ಅವನು! ಅದನ್ನು ಚಿತ್ರಿಸಿದರೆ ನೋಡಿದವನು ಯಾಕ ಅಂತ ಕೇಳಬೇಕಾಗ್ತದ. ದುಡಿ ಬಾರಿಸುವ ಮುದುಕನನ್ನು ನೋಡಿದವನು ಅಯ್ಯೋ ಪಾಪ ಅಂದರೆ ಸಾಕು. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂದು, ಸ್ವರ್ಣಕಮಲ ಪಡೆದು, ಚೋಮ ಅಂದ ಕೂಡಲೆ ವಾಸುದೇವರಾವ್ ಅವರ ಮುಖವೇ ಕಣ್ಣಿಗೆ ಬರುವಂತಾಯಿತು. ದೊಡ್ಡ ನಟನೆ, ಒಪ್ಪುತ್ತೇವೆ. ಆದರೂ ಓದುವ ಮೊದಲೇ ನಮ್ಮ ಚೋಮನನ್ನು ನಾವು ಕಟ್ಟಿಕೊಳ್ಳುವ ಹಕ್ಕು ಹೋಯಿತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇನ್ನೊಂದು. ಹುಲಿಯ ನಾಯಿಯನ್ನು ಕಟ್ಟಿಕೊಂಡು ಕಾಡು ತಿರುಗುವ ಗುತ್ತಿ, ಮೆಚ್ಚಿದ ತಿಮ್ಮಿಯನ್ನು ರಾತ್ರೋರಾತ್ರಿ ಹಾರಿಸಿಕೊಂಡು ಹೋಗುವ ಗುತ್ತಿ. ಬಾಗಿದ ಬೆನ್ನು ಅವನಿಗೆಲ್ಲಿಂದ ತರ್ತೀರಿ?

ಮೊದಲು ಸತುವಿನ ಬ್ಲಾಕ್ ಮಾಡಿಸಿ ಮುಖಪುಟ ಅಚ್ಚು ಹಾಕುವಾಗ ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕ್ ಬೇಕಾಗುತ್ತಿತ್ತು. ರೊಕ್ಕ ಇಲ್ಲದ ಪ್ರಕಾಶಕ ಎರಡು ಬಣ್ಣಕ್ಕೆ ನಿಲ್ಲಿಸುತ್ತಿದ್ದ. ಕಲಾವಿದ ನಾಕು ಗೆರೆಯಲ್ಲಿ ಮಾತು ಮುಗಿಸಬೇಕು. ಹಾಗಾಗಿ ಕಾದಂಬರಿ ಓದಲೇಬೇಕು. ಆಫ್‌ಸೆಟ್ ಬಂದ ಮ್ಯಾಲ ಫೋಟೋ ಸಸ್ತಾ ಆಯಿತು. ಯಾವುದೋ ಕೇರಿಯ ಮುದುಕಿಯ ಸುಕ್ಕುಗಟ್ಟಿದ ಮುಖ ತಂದು ಹಾಕಿದರೆ ದಲಿತ ಕಾದಂಬರಿ ತಯಾರು. ಒಳಗಡೆ ಫೋಟೋ ತೆಗೆದವರ ಹೆಸರು ಇರ್ತದ. ಆ ಮುದುಕಿಯ ಹೆಸರು ಇರೂದಿಲ್ಲ. ಆಕಿಗೆ ಒಂದು ಪ್ರತೀನೂ ಮುಟ್ಟೂದಿಲ್ಲ.

ಇಂಥ ಕಡೆ ಹೆಂಗ ಹಟ ಹಿಡೀಬೇಕು ಅನ್ನೋದಕ್ಕೆ ಒಂದು ದೂರದ ಉದಾಹರಣೆ. ಪ್ರಾಗ್ ನಗರದ ಫ್ರಾಂಜ್ ಕಾಫ್ಕಾ ಒಂದು ಕತೆ ಬರೆದ. ಒಬ್ಬ ಮನುಷ್ಯ ಬೆಳಗ್ಗೆ ಎದ್ದರೆ ಹುಳವಾಗಿರ್ತಾನ, ಮನೆಯವರೇ ಅವನನ್ನು ಕೋಣೆಯಲ್ಲಿ ಕೂಡಿ ಹಾಕ್ತಾರ. ಅದು ಪುಸ್ತಕವಾಗುವಾಗ, 1915ರಲ್ಲಿ, ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದು ಹುಳದ ಚಿತ್ರ ಬ್ಯಾಡ, ದೂರದಿಂದ ಕಂಡಂಗೂ ಬ್ಯಾಡ ಅಂದ. ಕೊನೆಗೆ ಬಂದದ್ದು ಅರ್ಧ ತೆರೆದ ಬಾಗಿಲು, ಮುಖ ಮುಚ್ಚಿಕೊಂಡು ಅದರಿಂದ ದೂರ ಸರಿಯುವ ಒಬ್ಬ ಮನುಷ್ಯ. ಜಗತ್ತು ಯಾರನ್ನು ಹುಳ ಮಾಡಿತೋ ಅವನನ್ನ ರಟ್ಟಿನ ಮ್ಯಾಲೂ ಹುಳ ಮಾಡಿ ಮಾರಲಿಲ್ಲ. ನಮಗ ಇದು ಬೇರೆಯವರು ಬಿಡಿಸಿ ಹೇಳಬೇಕೆ?

ನಮ್ಮ ಜನಕ್ಕೆ ಮುಖಪುಟ ಆರಿಸಲಿಕ್ಕೆ ಬರ್ತದ. ಬಾಬಾಸಾಹೇಬರು ಶಾಲೆಯಲ್ಲಿ ಎಲ್ಲರಿಂದ ದೂರ ಗೋಣಿತಟ್ಟಿನ ಮ್ಯಾಲ ಕುಂತವರು. ಅದನ್ನ ನಮ್ಮ ಹಿರಿಯರು ಮರೆತಿಲ್ಲ. ಆದರೆ ಟಿಕೋಟಾದ ಕಡೆ ಹೋಗ್ರಿ, ಬಬಲೇಶ್ವರದ ಕಡೆ ಹೋಗ್ರಿ, ಕೇರಿಯ ಗೋಡೆಯ ಮ್ಯಾಲ ಗೋಣಿತಟ್ಟಿಲ್ಲ. ನೀಲಿ ಕೋಟು, ಕೈಯಾಗ ಪುಸ್ತಕ, ಎತ್ತಿದ ಬೆರಳು. ಓದಲು ಬರೆಯಲು ಬಾರದ ಅವ್ವಂದಿರೂ ಅದನ್ನೇ ಮನಿಯಾಗ ತೂಗು ಹಾಕಿದರು. ಚಿತ್ರಕಲೆಯ ಯಾವ ಕಾಲೇಜೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದ ಹುಂಜ ಹುಡುಕ್ತಾಳ, ರಾತ್ರಿ ಮನೆಮಂದಿಯೆಲ್ಲ ಕದ್ದ ಶೇಂಗಾ ತಿಂತಾರ. ಅದೇ ಮನಿಯ ಗೋಡೆಯ ಮ್ಯಾಲ ಪುಟ್ಟಗೌರಿ ನವಿಲು ಬಿಡಿಸ್ತಾಳ. ಹೊಟ್ಟೆಗಿಲ್ಲದ ಮನಿಯಾಗ ನವಿಲು! ನಮ್ಮನ್ನ ಕೇಳಿದರೆ ಆ ಪುಸ್ತಕಕ್ಕೆ ಕಲಾವಿದ ಹೊರಗಿಂದ ಬರುವ ಕೆಲಸವೇ ಇಲ್ಲ. ಚಿತ್ರ ಒಳಗೇ ತಯಾರಾಗಿ ಕುಂತೈತಿ, ಒಬ್ಬ ಹುಡುಗಿಯ ಕೈಯಿಂದ.

ಓದುಗರು ಒದರಿದರೆ ಏನಾಗ್ತದ ಅಂತ ಕೇಳುವವರಿಗೆ ಒಂದು ಸಂಗತಿ. 2009ರಲ್ಲಿ ಜಸ್ಟೀನ್ ಲಾರ್ಬಲೆಸ್ಟಿಯರ್ ಎಂಬ ಲೇಖಕಿಯ ‘ಲಯರ್’ ಕಾದಂಬರಿಗೆ ಅಮೆರಿಕದಲ್ಲಿ ಬಿಳಿ ಹುಡುಗಿಯ ಮುಖ ಹಾಕಿದ್ದರು. ಕತೆಯ ನಾಯಕಿ ಕಪ್ಪು ಹುಡುಗಿ. ಲೇಖಕಿ ಬಹಿರಂಗವಾಗಿ ಆಕ್ಷೇಪ ಎತ್ತಿದಳು, ಓದುಗರು ಜೋಡಿಯಾದರು, ಪ್ರಕಾಶಕರು ಮುಖಪುಟ ಬದಲಾಯಿಸಿದರು.

ಆದ್ದರಿಂದ ವಿಜಯಪುರದ ಹಾಸ್ಟೆಲ್ಲುಗಳ ತಮ್ಮಂದಿರೆ, ತಂಗಿಯರೆ, ನೀವು ಮೆಚ್ಚಿದ ಕಾದಂಬರಿಯ ಮುಖಪುಟ ನಿಮಗೆ ಸುಳ್ಳು ಅನಿಸಿದರೆ ಪ್ರಕಾಶಕರ ವಿಳಾಸ ಒಳಪುಟದಲ್ಲಿ ಇರ್ತದ, ಕಾರ್ಡು ಬರೀರಿ. ಸುಮ್ಮನೆ ಬೈಬ್ಯಾಡ್ರಿ, ಯಾವ ಪುಟದ ಯಾವ ಮಾತಿಗೆ ಆ ಚಿತ್ರ ಹೊಂದೂದಿಲ್ಲ ಅಂತ ತೋರಿಸ್ರಿ. ನಿಮ್ಮಲ್ಲಿ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಮ್ಯಾಲ ಹೆಸರು ಬರೆದು ಫೀಸು ಕಟ್ಟುವವರು ಇದ್ದೀರಿ. ಚೋಮನಿಗೆ, ಗುತ್ತಿಗೆ, ಸಾಕವ್ವಗ ನೀವು ಕಂಡ ಮುಖ ತೆಗೆದು ಮುಂದಿನ ಸಭೆಗೆ ತರ್ರಿ. ಒಂದೇ ಮಸಿಯಲ್ಲಿ ಅಚ್ಚಾಗುವಂಗ ಗೆರೆ ದಪ್ಪ ಇರಲಿ.