ಮುಖದ ಒರಟುತನ: ಹಚ್ಚುವ ಮುನ್ನ ಅರಿಯೋಣ



ಮದುವೆಯ ಹಂಗಾಮು ಸಮೀಪಿಸಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ‘ಮುಖ ಒರಟಾಗಿದೆ, ಎಂಟು ದಿನಗಳಲ್ಲಿ ನುಣುಪಾಗಬೇಕು, ಏನು ಹಚ್ಚಬೇಕು?’ ಒರಟುತನಕ್ಕಿಂತ ಈ ಅವಸರವೇ ಹೆಚ್ಚು ಹಾನಿ ಮಾಡುತ್ತಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಚರ್ಮದ ಹೊರಪದರವು ತಳದಲ್ಲಿ ಹುಟ್ಟಿ, ಮೇಲೆ ಬಂದು, ಉದುರಿ ಹೊಸದಾಗಲು ಸುಮಾರು ನಾಲ್ಕು ವಾರಗಳು ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು ದಿನಗಳು ಬೇಕಾಗುತ್ತವೆ. ಎಂಟು ದಿನಗಳಲ್ಲಿ ಮುಖವನ್ನೇ ಬದಲಿಸುವ ಮುಲಾಮು ಕಂಡರೆ ಸಂತೋಷಪಡುವುದಕ್ಕಿಂತ ಸಂಶಯಪಡುವುದೇ ಲೇಸು.

ಒರಟುತನ ಎಂಬುದು ಒಂದೇ ವ್ಯಾಧಿಯಲ್ಲ. ಘಟಪ್ರಭೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ದಿನವಿಡೀ ದುಡಿಯುವವರ ಮುಖವು ಬಿಸಿಲು, ಗಾಳಿ, ಧೂಳು ಹಾಗೂ ರವದಿಯ ಗೀರುಗಳಿಂದ ಒಣಗಿ ಒರಟಾಗುತ್ತದೆ. ಇದು ವಾತದ ರೂಕ್ಷತೆ. ಹರೆಯದವರಲ್ಲಿ ಕಾಣುವ ಗಂಟುಗಂಟಾದ ಮೊಡವೆಯನ್ನು ಸುಶ್ರುತರು ಮುಖದೂಷಿಕೆ ಎಂದು ಕರೆದು, ಬೂರುಗದ ಮರದ ಮುಳ್ಳಿಗೆ ಹೋಲಿಸಿದ್ದಾರೆ. ಕಫ, ವಾತ, ರಕ್ತಗಳನ್ನು ಅದಕ್ಕೆ ಕಾರಣವೆಂದಿದ್ದಾರೆ. ಕೆನ್ನೆಯ ಮೇಲಿನ ಕಪ್ಪು ಮಚ್ಚೆಯಾದ ಬಂಗು ಮೂರನೆಯದು. ಮೊಡವೆ ಅಥವಾ ಸಿಡುಬು ಮಾಗಿದ ಮೇಲೆ ಉಳಿಯುವ ಕುಳಿ ನಾಲ್ಕನೆಯದು. ಒಣ ಚರ್ಮಕ್ಕೆ ಹಿತವಾದ ಎಣ್ಣೆಯು ಮೊಡವೆಯ ಮುಖಕ್ಕೆ ಅಹಿತ. ಆದ್ದರಿಂದ ನೆರೆಮನೆಯವರಿಗೆ ಒಗ್ಗಿದ್ದು ನಮಗೂ ಒಗ್ಗುವುದೆಂಬ ನಂಬಿಕೆಯನ್ನು ಮೊದಲು ಬಿಡಬೇಕು.

ನಮ್ಮನ್ನು ಅತ್ಯಂತ ಚಿಂತೆಗೀಡುಮಾಡಿರುವ ಸಂಗತಿ ಬೇರೆಯೇ ಇದೆ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮೊದಲಾದ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ನಮ್ಮ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ, ಸೌಂದರ್ಯವರ್ಧಕವೆಂದು ತಿಳಿದು ಮುಖಕ್ಕೆ ಹಚ್ಚುತ್ತಿದ್ದಾರೆ. ಇವು ತಕ್ಕ ವ್ಯಾಧಿಗೆ, ತಕ್ಕ ಅವಧಿಗೆ, ವೈದ್ಯರ ಕಣ್ಗಾವಲಿನಲ್ಲಿ ಉತ್ತಮ ಔಷಧಗಳೇ. ಆದರೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಹೊಸ ಮೊಡವೆಗಳೂ ಬೇಡದ ಕೂದಲೂ ಮೂಡುತ್ತವೆ. ಬಿಟ್ಟ ಕೂಡಲೇ ಉರಿಯೂ ಕೆಂಪೂ ಹೆಚ್ಚುವುದರಿಂದ ಮತ್ತೆ ಅದನ್ನೇ ಹಚ್ಚುವ ಬಲೆಗೆ ಬೀಳುತ್ತಾರೆ. ಕೇಂದ್ರ ಸರ್ಕಾರವು 2018ರಲ್ಲಿ ಇಂತಹ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮವಿದ್ದರೂ ಕೇಳುವವರು ಇರುವತನಕ ಕೊಡುವವರೂ ಇರುತ್ತಾರೆ. ಈಗಾಗಲೇ ಬಹುಕಾಲ ಬಳಸಿದವರು ಒಮ್ಮೆಲೇ ನಿಲ್ಲಿಸದೆ, ಚರ್ಮವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು.

‘ಗಿಡಮೂಲಿಕೆಯದು, ಏನೂ ಆಗದು’ ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಹೆಸರು, ವಿಳಾಸ, ಒಳಗಿನ ದ್ರವ್ಯಗಳ ವಿವರ ಇಲ್ಲದ ಡಬ್ಬಿಯನ್ನು ಯಾರೂ ಕೊಳ್ಳಬಾರದು. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸ ಬೆರೆತ ಬಿಳುಪಿನ ಕ್ರೀಮುಗಳನ್ನು ಬಳಸಿದವರ ಮೂತ್ರಪಿಂಡಗಳಿಗೇ ತೊಂದರೆಯಾದದ್ದು ವೈದ್ಯರ ಗಮನಕ್ಕೆ ಬಂದಿತು. ನಿಂಬೆರಸ, ಅಡುಗೆ ಸೋಡಾ, ಹಲ್ಲಿನ ಪೇಸ್ಟು, ಉಪ್ಪಿನಿಂದ ಉಜ್ಜುವುದು, ಇವೂ ಗಾಯದ ಮೇಲೆ ಗಾಯ ಮಾಡುತ್ತವೆ.

ಲೇಪ ಮಾಡುವ ಕ್ರಮವನ್ನು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಲೇಪವು ಹಸಿಯಾಗಿರುವಷ್ಟು ಹೊತ್ತು ಮಾತ್ರ ಮುಖದ ಮೇಲಿರಬೇಕು. ಒಣಗಿದರೆ ಕಾಂತಿಯನ್ನೇ ಕೆಡಿಸುತ್ತದೆ. ನೀರಿನಿಂದ ನೆನೆಸಿಯೇ ತೆಗೆಯಬೇಕು, ಅನಂತರ ಸ್ನೇಹ ಸವರಬೇಕು. ನೆಗಡಿ, ಅಜೀರ್ಣ ಇದ್ದವರಿಗೆ ಲೇಪ ಬೇಡ. ಆದರೆ ಇಂದು ಮುಖ ಬಿರಿಯುವಷ್ಟು ಒಣಗಿಸಿ, ಕಿತ್ತು ತೆಗೆಯುವುದೇ ರೂಢಿಯಾಗಿದೆ.

ಒಣ ಚರ್ಮದವರು ಸೋಪನ್ನು ಕಡಿಮೆ ಮಾಡಿ, ಹೆಸರುಹಿಟ್ಟಿನಿಂದ ಮೃದುವಾಗಿ ತೊಳೆದು, ಒದ್ದೆ ಇರುವಾಗಲೇ ಎರಡು ಹನಿ ಕೊಬ್ಬರಿ ಎಣ್ಣೆ ಸವರಲಿ. ಮೊಡವೆಯವರಿಗೆ ಲೋಧ್ರ, ಕೊತ್ತಂಬರಿ ಬೀಜ, ಬಜೆಗಳ ಲೇಪವನ್ನು ನಮ್ಮ ಶಾಸ್ತ್ರ ಹೇಳುತ್ತದೆ. ಆದರೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಬೇಕು. ಮೊಡವೆಯನ್ನು ಚಿವುಟಬಾರದು. ಬಂಗಿನವರಿಗೆ ಬಿಸಿಲೇ ಮೊದಲ ಶತ್ರು. ಹೊಲಕ್ಕೆ ಹೋಗುವಾಗ ಸೆರಗು, ಟವೆಲು, ಟೊಪ್ಪಿಗೆ ಮರೆಯಬಾರದು. ಆಳವಾದ ಕುಳಿಯನ್ನು ಯಾವ ಲೇಪವೂ ತುಂಬಲಾರದು. ಅದಕ್ಕೆ ಚರ್ಮವೈದ್ಯರ ಬಳಿ ಬೇರೆ ಚಿಕಿತ್ಸೆಗಳಿವೆ. ಅವೂ ತಗ್ಗನ್ನು ಕಡಿಮೆ ಮಾಡುತ್ತವೆಯೇ ಹೊರತು ಪೂರ್ತಿ ಅಳಿಸುವುದಿಲ್ಲ.

ಎರಡು ಲಕ್ಷಣಗಳನ್ನು ಎಂದೂ ಕಡೆಗಣಿಸಬಾರದು. ಸ್ಪರ್ಶಜ್ಞಾನವಿಲ್ಲದ ಮಚ್ಚೆ, ದಪ್ಪಗಾದ ಕಿವಿಯ ಹಾಲೆ ಕಂಡರೆ ಅದು ಕುಷ್ಠರೋಗವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಔಷಧವಿದ್ದು, ಪೂರ್ಣ ಗುಣವಾಗುತ್ತದೆ. ಒಣ ಚರ್ಮದ ಜೊತೆಗೆ ಮುಖದ ಬಾವು, ದಣಿವು, ಚಳಿ ತಾಳದಿರುವಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ಭಾರತದಲ್ಲಿ ಸಿಡುಬು ಕೊನೆಗೊಂಡದ್ದು 1975ರಲ್ಲಿ. ಅದಕ್ಕೆ ಮುಂಚಿನ ತಲೆಮಾರಿನಲ್ಲಿ ಸಿಡುಬಿನ ಕಲೆ ಹೊತ್ತ ಮುಖಗಳು ಊರೂರಲ್ಲೂ ಇದ್ದವು. ಆ ಮುಖದವರೇ ಹೊಲ ಉತ್ತರು, ಮನೆ ಕಟ್ಟಿದರು, ಮಕ್ಕಳನ್ನು ಬೆಳೆಸಿದರು. ಇಂದು ಕನ್ಯೆ ನೋಡಲು ಹೋದಾಗ ‘ಮುಖ ಸ್ವಲ್ಪ ಒರಟು’ ಎಂದು ನಾವು ಆಡುವ ಒಂದು ಮಾತು ಆ ಮಗುವನ್ನು ನೇರವಾಗಿ ಸ್ಟೀರಾಯ್ಡ್ ಟ್ಯೂಬಿನ ಕಡೆಗೆ ತಳ್ಳುತ್ತದೆ. ಕಾಯಕದ ಬಿಸಿಲಿನಲ್ಲಿ ಒರಟಾದ ಮುಖವು ನಾಚಿಕೆಯ ವಸ್ತುವಲ್ಲ. ಆರೈಕೆ ಇರಲಿ, ತಾಳ್ಮೆ ಇರಲಿ. ಹೀಯಾಳಿಕೆ ಮಾತ್ರ ನಮ್ಮ ಮನೆಗಳಲ್ಲಿ ಬೇಡ.