ಅಂಗನವಾಡಿಯ ಉಪಾಧ್ಯಾಯಿನಿ

ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿನ ಹತ್ತಿ ಗಿರಣಿಯಲ್ಲಿ 1816ರಲ್ಲಿ ಕೂಲಿಕಾರರ ಎಳೆಯ ಮಕ್ಕಳಿಗಾಗಿ ಒಂದು ಶಾಲೆ ಆರಂಭವಾಯಿತು. ತೆರೆದವನು ರಾಬರ್ಟ್ ಓವೆನ್. ಗಿರಣಿಯ ಪಾಲುದಾರನಾಗಿದ್ದರೂ ಸಮಾಜವಾದದ ಚರಿತ್ರೆಯಲ್ಲಿ ಹೆಸರು ಪಡೆದವನು. ಆ ಶಾಲೆಗೆ ಅವನು ಆರಿಸಿದ ಉಪಾಧ್ಯಾಯ ಜೇಮ್ಸ್ ಬ್ಯುಕಾನನ್ ಪಂಡಿತನಲ್ಲ, ಮಗ್ಗದಲ್ಲಿ ದುಡಿದ ನೇಕಾರ. ಮಕ್ಕಳನ್ನು ಹೊಡೆಯಕೂಡದು, ಗದರಿಸಕೂಡದು, ಪುಸ್ತಕ ಹಿಡಿದು ಕಾಡಕೂಡದು, ಕೇಳಿದ್ದಕ್ಕೆ ಬೇಸರಪಡದೆ ಉತ್ತರ ಹೇಳಬೇಕು ಎಂದು ಓವೆನ್ ಕಟ್ಟಳೆ ಮಾಡಿದ. ಎರಡು ಶತಮಾನಗಳು ಕಳೆದಿವೆ. ನಮ್ಮ ಊರಿನ ಎಷ್ಟು ನರ್ಸರಿಗಳು ಈ ಕಟ್ಟಳೆಗಳನ್ನು ಧೈರ್ಯವಾಗಿ ಗೋಡೆಯ ಮೇಲೆ ಬರೆಸಿಯಾವು?

ಮೂರು ವರ್ಷದ ಮಗು ಎಬಿಸಿಡಿ ಬರೆದರೆ ತಂದೆತಾಯಿಗಳಿಗೆ ಹಿಗ್ಗು. ಪಾಳಿ ಮುಗಿಸಿ ಬಂದ ಕಾರ್ಮಿಕನೂ, ಅಂಗಡಿಯ ಬಾಗಿಲೆಳೆದು ಬಂದ ವರ್ತಕನೂ ಸಾಲ ಮಾಡಿಯಾದರೂ ಅದಕ್ಕೆ ಫೀಜು ಕಟ್ಟುತ್ತಾರೆ. ಅವರನ್ನು ನಾವು ಹಳಿಯುವುದಿಲ್ಲ. ಮಕ್ಕಳು ತಮ್ಮಂತೆ ಬವಣೆ ಪಡಬಾರದೆಂಬ ಆಸೆ ನ್ಯಾಯವಾದುದೇ. ಆದರೆ ಬೆರಳು ಬಲಿಯುವ ಮುಂಚೆ ಅಕ್ಷರ ತಿದ್ದಿಸುವುದು ವಿದ್ಯೆಯಲ್ಲ. ಹುಣಸೆಬೀಜಗಳನ್ನು ಐದೈದಾಗಿ ಗುಡ್ಡೆ ಹಾಕುವ ಮಗು ಲೆಕ್ಕ ಕಲಿಯುತ್ತಿದೆ. ಜೇಡಿಮಣ್ಣಿನಲ್ಲಿ ಎತ್ತು ಮಾಡುವ ಮಗು ಬರೆಯುವ ಕೈಯನ್ನು ಹದಗೊಳಿಸಿಕೊಳ್ಳುತ್ತಿದೆ. ‘ಆಮೇಲೆ ನರಿ ಏನು ಮಾಡಿತು?’ ಎಂದು ಕಥೆಯ ನಡುವೆ ಬಾಯಿ ಹಾಕುವ ಮಗು ಮಾತನ್ನೂ ವಿಚಾರವನ್ನೂ ಒಟ್ಟಿಗೆ ಕಲಿಯುತ್ತಿದೆ. ಇದೆಲ್ಲ ತಾನಾಗಿ ಆಗತಕ್ಕದ್ದಲ್ಲ. ಯಾವ ಮಗು ಮಾತಾಡುತ್ತಿಲ್ಲ, ಯಾವುದು ಹಸಿದು ಬಂದಿದೆ, ಯಾವುದಕ್ಕೆ ಇಂದು ಹೊಸ ಆಟ ಬೇಕು ಎಂದು ಕಂಡು ತಿಳಿಯುವ ಉಪಾಧ್ಯಾಯಿನಿ ಬೇಕು. ಕಾಲೇಜಿನಲ್ಲಿ ಪಾಠ ಒಪ್ಪಿಸುವುದಕ್ಕಿಂತ ಇದು ಸುಲಭವೆಂದು ನಾವು ನಂಬುವುದಿಲ್ಲ.

ಅಂಥ ಉಪಾಧ್ಯಾಯಿನಿಗೆ ಸರ್ಕಾರ ಕೊಟ್ಟ ಸ್ಥಾನವೇನು? ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಐವತ್ತು ವರ್ಷ ಕಳೆದರೂ ಆಕೆ ಕಾಗದದಲ್ಲಿ ‘ಕಾರ್ಯಕರ್ತೆ’. ಆಕೆಗೆ ಸಿಕ್ಕುವುದು ಸಂಬಳವಲ್ಲ, ‘ಗೌರವಧನ’. 2018ರಲ್ಲಿ ಕೇಂದ್ರ ಅದನ್ನು ಏರಿಸಿ ನಿಗದಿ ಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250; ಇದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಬರಿಯ ಗೌರವಕ್ಕೆ ಸೇರು ಅಕ್ಕಿ ಹುಟ್ಟುವುದಿಲ್ಲವೆಂಬುದನ್ನು ನಮ್ಮ ವರ್ತಕ ಮಿತ್ರರಿಗೆ ಹೇಳಿಕೊಡಬೇಕಾಗಿಲ್ಲ. ಇವರಿಗೂ ಗ್ರಾಚ್ಯುಯಿಟಿ ಸಲ್ಲತಕ್ಕದ್ದೆಂದು ಹೇಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ತೂಕ ಹಾಕುವುದು, ಆಹಾರ ಹಂಚುವುದು, ಲಸಿಕೆಗೆ ಕರೆದೊಯ್ಯುವುದು, ಸರ್ವೆ ಮಾಡುವುದು, ಮೊಬೈಲಿನಲ್ಲಿ ಲೆಕ್ಕ ತುಂಬುವುದು ಎಲ್ಲವೂ ಆಕೆಯ ತಲೆಗೇ. ನರಿಯ ಕಥೆ ಅರ್ಧಕ್ಕೆ ನಿಲ್ಲುತ್ತದೆ.

ಕಾನೂನಿನಲ್ಲೂ ಈ ಮಕ್ಕಳಿಗೆ ಹೊಸ್ತಿಲಾಚೆಯ ಜಾಗ. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರಕ್ಕಿಂತ ಕೆಳಗಿನವರನ್ನು ನ್ಯಾಯಾಲಯದಲ್ಲಿ ಕೇಳಲಾಗದ ನಿರ್ದೇಶಕ ತತ್ತ್ವದ ಪಾಲಿಗೆ ಬಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇನೋ ಬುನಾದಿ ಹಂತವನ್ನು ಮೂರನೆಯ ವರ್ಷದಿಂದ ಎಣಿಸುತ್ತದೆ. ಬುನಾದಿ ಹಾಕುವವರ ಕೂಲಿಯ ಮಾತು ಬಂದಾಗ ಮಾತ್ರ ಎಣಿಕೆ ತಪ್ಪುತ್ತದೆ.

ಈ ಸ್ತ್ರೀಯರನ್ನು ಉಪಾಧ್ಯಾಯಿನಿಯರೆಂದು ಕರೆದು ಆ ದರ್ಜೆಯ ವೇತನ ಕೊಡಬೇಕು, ದಾಖಲೆಯ ಕೆಲಸಕ್ಕೆ ಬೇರೆಯವರನ್ನು ನೇಮಿಸಬೇಕು ಎಂಬುದು ನಮ್ಮ ಒತ್ತಾಯ. ಬೋನಸ್ಸು, ತುಟ್ಟಿಭತ್ಯೆಗಳ ಜೊತೆಗೆ ಈ ಬೇಡಿಕೆಯನ್ನೂ ಕಾರ್ಮಿಕ ಸಂಘಗಳು ತಮ್ಮ ಮುಂದಿನ ಸಭೆಯ ಠರಾವಿನಲ್ಲಿ ಸೇರಿಸಲಿ. ವರ್ತಕರ ಸಂಘವೂ ಅದಕ್ಕೆ ಸಹಿ ಹಾಕಲಿ.