ಹೃದಯದ ಗೋಡೆಯಲ್ಲಿ ಸುಣ್ಣ

ಎದೆಯ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ಹೃದಯದ ಸ್ನಾಯುವಿಗೆ ಕ್ಯಾಲ್ಸಿಯಂ ಹತ್ತಿದೆ ಎಂದಿದ್ದರೆ, ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಹಾಲು, ಮೊಸರು. ಆದರೆ ಬಂಧುಗಳೇ, ಇದು ಹಾಲು ಕುಡಿದು ಬರುವ ದೋಷವಲ್ಲ. ತಟ್ಟೆಯನ್ನು ದೂರುವ ಬದಲು ನಾವು ಕಾರಣವನ್ನು ಹುಡುಕಬೇಕು.

ಮೊದಲು ಸುಣ್ಣ ಎಲ್ಲಿದೆ ಎಂದು ತಿಳಿಯೋಣ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವುದು ಹೃದಯದ ರಕ್ತನಾಳಗಳ ಸುಣ್ಣ. 1990ರಲ್ಲಿ ಅಮೆರಿಕದ ಡಾ. ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ‘ಕ್ಯಾಲ್ಸಿಯಂ ಸ್ಕೋರ್’ ಅಳೆಯುವುದು ಇದನ್ನೇ. ಹೃದಯದ ಹೊರಪೊರೆಗೂ ಸುಣ್ಣ ಹತ್ತಬಹುದು. ಕ್ಷಯರೋಗ ಅದಕ್ಕೊಂದು ಕಾರಣ. ಸ್ನಾಯುವಿನಲ್ಲೇ ಕಾಣುವುದು ಅಪರೂಪ.

ಸ್ನಾಯುವಿಗೆ ಅದು ಹತ್ತುವ ಮುಖ್ಯ ದಾರಿಗಳು ಎರಡು. ಒಂದು, ಹಿಂದೆ ಹೃದಯಾಘಾತವಾಗಿ ಸತ್ತುಹೋದ ಸ್ನಾಯುವಿನ ಕಲೆಯಲ್ಲಿ ವರ್ಷಗಳು ಕಳೆದಂತೆ ಸುಣ್ಣ ಕೂಡುತ್ತದೆ. ಆಗ ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ನೋವಿಲ್ಲದೆಯೂ ಆಘಾತವಾಗಿ ಹೋಗಿರಬಹುದು. ಗ್ಯಾಸ್ ಎಂದುಕೊಂಡು ಗಲ್ಲೆಯ ಮುಂದೆಯೇ ಕುಳಿತು ಕಳೆದ ಒಂದು ದಿನದ ಗುರುತು ಎಷ್ಟೋ ವರ್ಷಗಳ ನಂತರ ಹೀಗೆ ಸಿಗಬಹುದು.

ಎರಡು, ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ರಂಜಕ ಏರಿ, ಚೆನ್ನಾಗಿದ್ದ ಸ್ನಾಯುವಿಗೂ ಹತ್ತುವುದು. ಮೂತ್ರಪಿಂಡ ಕೆಟ್ಟವರಲ್ಲಿ, ಪ್ಯಾರಾಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುವವರಲ್ಲಿ, ವಿಟಮಿನ್ ಡಿ ಅತಿಯಾದವರಲ್ಲಿ ಹೀಗಾಗಬಹುದು. ಇವಲ್ಲದೆ ಹೃದಯದ ಸ್ನಾಯುವಿನ ಉರಿಯೂತದಲ್ಲಿ, ರಕ್ತಕ್ಕೆ ನಂಜೇರಿದಾಗ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡದ್ದೂ ಉಂಟು.

ವಿಟಮಿನ್ ಡಿ ವಿಷಯದಲ್ಲಿ ಒಂದು ಎಚ್ಚರ. 60,000 ಯೂನಿಟ್‌ಗಳ ಪುಡಿಯನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳಿಗೆ ಬರೆಯುತ್ತಾರೆ. ಅದನ್ನು ದಿನವೂ ಸೇವಿಸುವುದು, ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸುವುದು ಅಪಾಯ.

ಸ್ನಾಯುವಿನಲ್ಲಿ ಸುಣ್ಣ ಹೆಚ್ಚಾದರೆ ಹೃದಯದ ಬಡಿತ ತಪ್ಪಬಹುದು, ರಕ್ತ ತಳ್ಳುವ ಶಕ್ತಿ ಕುಗ್ಗಬಹುದು. ಆದ್ದರಿಂದ ಉಸಿರಾಟದ ತೊಂದರೆ, ತಲೆಸುತ್ತು ಇಲ್ಲದಿದ್ದರೂ ವರದಿಯನ್ನು ಕಪಾಟಿನಲ್ಲಿ ಇಡಬಾರದು. ಹಳೆಯ ಇ.ಸಿ.ಜಿ., ಔಷಧಿಯ ಚೀಟಿಗಳೊಡನೆ ಹೃದ್ರೋಗ ತಜ್ಞರನ್ನು ಕಾಣಬೇಕು. ಎಕೋ, ರಕ್ತದ ಕ್ಯಾಲ್ಸಿಯಂ, ರಂಜಕ, ಕ್ರಿಯಾಟಿನಿನ್ ಪರೀಕ್ಷೆಗಳಿಂದ ಬಹಳಷ್ಟು ತಿಳಿಯುತ್ತದೆ.

ಸುಣ್ಣ ಕರಗಿಸುತ್ತೇವೆ ಎನ್ನುವ ಪುಡಿ, ಕಷಾಯಗಳನ್ನು ನಂಬಿ ಕಾಲ ಕಳೆಯುವುದು ಬೇಡ. ಹಾಲಿನ ಮಾತು ಬಂದರೆ, ಮೂತ್ರಪಿಂಡದ ಕಾಯಿಲೆಯವರು ಅದರಲ್ಲಿರುವ ರಂಜಕದ ಕಾರಣ ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಉಳಿದವರು ವೈದ್ಯರನ್ನು ಕೇಳದೆ ಹಿರಿಯರ ಲೋಟವನ್ನು ಕಸಿಯುವ ಅಗತ್ಯವಿಲ್ಲ. ಅವರ ಮೂಳೆಗಳಿಗೂ ಸುಣ್ಣ ಬೇಕಲ್ಲವೇ?